ಮೊಣಕಾಲು ನೋವಿನವರಿಗೆ ಅನುಕೂಲವಾದ ವಾಹನ

ಮಿಯಾಪುರದ ಕನ್ನಡ ಹಿತೈಷಿ ಮಂಡಳಿಯು ಹಳದಿ ಬಣ್ಣದ ಒಂದು ಸ್ಪೋರ್ಟ್ಸ್ ಕಾರನ್ನು ಹೊಂದಿದ್ದು, ಅದನ್ನು ಮೊಣಕಾಲು ನೋವಿರುವ ಹಿರಿಯ ಸದಸ್ಯರ ಓಡಾಟಕ್ಕಾಗಿಯೇ ಖರೀದಿಸಲಾಗಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮಂಡಳಿಯ ಜಂಟಿ ಕಾರ್ಯದರ್ಶಿ ಮಹೇಶಕುಮಾರನಾದ ನಾನು ಈ ಖರೀದಿಯ ಪ್ರತಿ ಹಂತದಲ್ಲೂ ಹಾಜರಿದ್ದೆ, ಪ್ರತಿ ಹಂತದಲ್ಲೂ ಚಹಾ ಕುಡಿದೆ, ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು ಎಂದು ಈ ಮೂಲಕ ತಿಳಿಸುತ್ತೇನೆ. ಹೊರಗಿನವರು ಏನೇನೋ ಮಾತಾಡಿಕೊಳ್ಳುತ್ತಿದ್ದಾರೆ. ಅವರು ಜನ್ಮದಲ್ಲಿ ಒಂದು ಟೆಂಡರು ಕರೆದವರಲ್ಲ.

ವಾಹನದ ಬೇಡಿಕೆ ಬಂದದ್ದು ಸೂಗಮ್ಮನವರಿಂದ. ಅವರು ನಮ್ಮ ಅಧ್ಯಕ್ಷರಾದ ಸಿದ್ದರಾಮಪ್ಪನವರ ಪತ್ನಿ. ಪ್ರತಿ ಜನವರಿ ನಾಂಪಲ್ಲಿಯ ವಸ್ತುಪ್ರದರ್ಶನವಾದ ನುಮಾಯಿಶ್‌ಗೆ ಹೋಗಿ, ಮಿರ್ಚಿ ಭಜಿ ತಿಂದು, ಉಪ್ಪಿನಕಾಯಿಗೆ ಒಂದು ಪಿಂಗಾಣಿ ಭರಣಿ ತರುವುದು ಅವರು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ. ಈ ಬೇಡಿಕೆಗೆ ಮುಂಚೆ ಕೊನೆಯ ಸಲ ತಂದ ಭರಣಿ ಮೆಟ್ರೋದಲ್ಲಿ ಬರುವಾಗ ಅಮೀರ್‌ಪೇಟದಲ್ಲಿ ನುಗ್ಗಿದ ಜನರ ಕಾಲಿಗೆ ಸಿಕ್ಕು ಚೂರಾಯಿತು. ಅದೇ ನೂಕಾಟದಲ್ಲಿ ಸೂಗಮ್ಮನವರ ಮೊಣಕಾಲೂ ಕೈಕೊಟ್ಟಿತು. ಆಮೇಲೆ ಅವರು ನುಮಾಯಿಶ್ ನೋಡಿರಲಿಲ್ಲ. ಮನೆಯಲ್ಲಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕುತ್ತಿದ್ದರು. ಅದರ ರುಚಿಯ ಬಗ್ಗೆ ನಾನು ಏನೂ ಹೇಳಲಾರೆ, ಅಧ್ಯಕ್ಷರ ಮನೆಯ ವಿಷಯ.

ಒಂದು ಕ್ಯಾಬ್ ಕರೆಯಬಾರದಿತ್ತೇ ಎಂದು ನೀವು ಕೇಳಬಹುದು. ಸಿದ್ದರಾಮಪ್ಪನವರು ಕೇಂದ್ರ ಸರ್ಕಾರದ ಒಂದು ದೊಡ್ಡ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೂರು ಕೊಟೇಶನ್ ಇಲ್ಲದೆ ಅವರು ಕೊತ್ತಂಬರಿ ಸೊಪ್ಪನ್ನೂ ಕೊಂಡವರಲ್ಲ. ಕ್ಯಾಬಿಗೂ ಮೂರು ಕಡೆ ದರ ಕೇಳುತ್ತಾರೆ. ಮೂರನೆಯದು ಬರುವಷ್ಟರಲ್ಲಿ ಮೊದಲನೆಯದು ಬದಲಾಗಿರುತ್ತದೆ. ಹೀಗಾಗಿ ಅವರ ಮನೆಯವರು ಇಂದಿನವರೆಗೆ ಯಾವ ಕ್ಯಾಬನ್ನೂ ಹತ್ತಿಲ್ಲ, ಹತ್ತುವ ಸಂಭವವೂ ಇಲ್ಲ.

ಬೇಡಿಕೆ ಬಂದ ವರ್ಷ ಮಂಡಳಿಯ ಬಳಿ ಹಣವಿತ್ತು. ಭವನ ಕಟ್ಟಲೆಂದು ಯಾವ ಕಾಲಕ್ಕೋ ಕೊಂಡಿದ್ದ ತುಂಡು ಜಾಗ, ಪಕ್ಕದಲ್ಲಿ ಮೆಟ್ರೋ ಬಂದದ್ದರಿಂದ ಹೇಳತೀರದ ಬೆಲೆಗೆ ಹೋಯಿತು. ಮಾರ್ಚಿ ಒಳಗೆ ಖರ್ಚು ಮಾಡದಿದ್ದರೆ ಅನುದಾನ ವಾಪಸು ಹೋಗುತ್ತದೆ ಎಂದು ಅಧ್ಯಕ್ಷರು ಎಚ್ಚರಿಸಿದರು. ಹಣ ನಮ್ಮದೇ ಆಗಿದ್ದರಿಂದ ಅದು ಯಾರಿಗೆ ವಾಪಸು ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವರೇ, ಮಾರ್ಚಿ ಎಂದರೆ ಎಲ್ಲರಿಗೂ ಎದೆ ನಡುಗುತ್ತದೆ.

ಹಿರಿಯರಿಗೊಂದು ವಾಹನ ಎಂದು ತೀರ್ಮಾನವಾಯಿತು. ವಾಹನ ಹೇಗಿರಬೇಕು ಎಂಬ ಸಭೆಯಲ್ಲಿ ಸದಸ್ಯರು ಮನಬಿಚ್ಚಿ ಮಾತಾಡಿದರು. ಮೊಣಕಾಲು ನೋವಿನವರು ಕಾಲೆತ್ತಿ ಹತ್ತಲಾರರು, ಆದ್ದರಿಂದ ವಾಹನ ನೆಲಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಆಸ್ಪತ್ರೆಗೆ ಹೋಗುವ ಪ್ರಸಂಗ ಬಂದರೆ ಬೇಗ ಮುಟ್ಟಿಸಬೇಕು. ಹಿಂದಿನ ಸೀಟಿನಲ್ಲಿ ಕುಳಿತರೆ ಮಹಿಳಾ ವಿಭಾಗದ ಗದಿಗೆಮ್ಮನವರಿಗೆ ವಾಂತಿಯಾಗುತ್ತದೆ, ಆದ್ದರಿಂದ ಹಿಂದಿನ ಸೀಟು ಇರಕೂಡದು. ಕಿವಿ ಮಂದವಾಗಿರುವ ಸದಸ್ಯರೂ ಇರುವುದರಿಂದ ಗಾಡಿ ಶುರುವಾದದ್ದು ಮೇಲಿನ ಮಹಡಿಯವರೆಗೂ ಕೇಳಿಸಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳು. ನಾನು ಒಂದೊಂದನ್ನೂ ಬರೆದುಕೊಂಡು ಟೆಂಡರು ಹೊರಡಿಸಿದೆ.

ಮೊದಲು ಒಬ್ಬರು ವ್ಯಾನು ತಂದರು. ಹತ್ತು ಜನ ಕೂರಬಹುದಾದ ಗಟ್ಟಿಮುಟ್ಟಾದ ವ್ಯಾನು. ಎತ್ತರ ಜಾಸ್ತಿ, ಹಿಂದೆ ಸೀಟುಗಳ ಸಂತೆ, ಸದ್ದೇ ಇಲ್ಲ. ತಿರಸ್ಕರಿಸಲಾಯಿತು. ಆಮೇಲೆ ಹಳೆ ಕಾರುಗಳ ವ್ಯಾಪಾರಿಯೊಬ್ಬ ನಮ್ಮ ಷರತ್ತುಗಳನ್ನು ಓದಿ, ಎರಡು ಸಲ ಕಣ್ಣುಜ್ಜಿಕೊಂಡು, ತನ್ನಲ್ಲಿ ಅಂಥವು ಎರಡಿವೆ ಎಂದ. ಒಂದು ಇಟಲಿಯದು, ಕೆಂಪು. ಇನ್ನೊಂದು ಜರ್ಮನಿಯದು, ಹಳದಿ.

ಎರಡನ್ನೂ ಹೋಲಿಸುವ ತಖ್ತೆಯನ್ನು ಸಿದ್ದರಾಮಪ್ಪನವರು ಸ್ವತಃ ತಯಾರಿಸಿದರು. ಕೆಂಪು ಗಾಡಿ ನಿಂತಲ್ಲಿಂದ ನೂರರ ವೇಗಕ್ಕೆ ಹೋಗುವುದರೊಳಗೆ ಸೀಟಿನಲ್ಲಿ ಕುಳಿತವರು ಒಂದು ಸಲ ಕೆಮ್ಮಬಹುದು. ಹಳದಿಯಲ್ಲಿ ಅದೂ ಆಗುವುದಿಲ್ಲ. ಕೆಂಪಿನ ಬಾಗಿಲು ಮೇಲಕ್ಕೆ ತೆರೆಯುತ್ತದೆ, ಹಳದಿಯದು ಪಕ್ಕಕ್ಕೆ. ಕೆಂಪಿನ ಬೆಲೆ ಕಡಿಮೆ. ಬೆಲೆಯನ್ನು ನಾನು ಇಲ್ಲಿ ನಮೂದಿಸುವುದಿಲ್ಲ, ಓದುಗರಲ್ಲಿ ರಕ್ತದೊತ್ತಡದವರೂ ಇರುತ್ತಾರೆ.

"ಹಂಗಾದ್ರ ಕೆಂಪದೇ ತಗೋಬೇಕಲ್ರಿ?" ಎಂದೆ.

"ಏನ್ ಕಲ್ತೀರಿ ಮಹೇಶಕುಮಾರ ನೀವು?" ಎಂದು ಅಧ್ಯಕ್ಷರು ಬೇಸರಪಟ್ಟರು. "ಕೆಂಪದಕ್ಕ ಸೈಲೆನ್ಸರ್ ಎರಡ. ಹಳದೀದಕ್ಕ ನಾಕ ಅದಾವ. ಒಂದ್ ಸೈಲೆನ್ಸರಿಗೆ ರೇಟ್ ಎಷ್ಟ್ ಬೀಳ್ತೈತಿ ನೋಡ್ರಿ. ಹಳದೀದು ಅರ್ಧಾ ಸೋವಿ ಐತಿ."

ಸಭೆ ಚಪ್ಪಾಳೆ ತಟ್ಟಿತು. ಮಂಡಳಿಗೆ ಇಷ್ಟು ಹಣ ಉಳಿಸಿಕೊಟ್ಟ ಅಧ್ಯಕ್ಷರು ಹಿಂದೆ ಯಾರೂ ಆಗಿರಲಿಲ್ಲ.

ಗಾಡಿ ಒಂದು ಟ್ರಕ್ಕಿನ ಮೇಲೆ ಕೂತು ಬಂತು. ನಾವೆಲ್ಲ ಇರುವ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಇಳಿಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟೆವು. ನಿಂಬೆಹಣ್ಣು ಗಾಡಿಗೂ ನೆಲಕ್ಕೂ ನಡುವೆ ಸಿಕ್ಕಿಹಾಕಿಕೊಂಡಾಗಲೇ ನಮಗೆ ತಿಳಿಯಬೇಕಿತ್ತು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗಾಡಿಗಳ ವೇಗ ತಗ್ಗಿಸುವ ಒಂದು ಹಂಪು ಇದೆ. ಆ ಹಂಪು ದಾಟಿ ಈ ಗಾಡಿ ರಸ್ತೆಗೆ ಹೋಗುವುದು ಸಾಧ್ಯವೇ ಇರಲಿಲ್ಲ.

ಹಂಪನ್ನು ಒಡೆಯಬಹುದಿತ್ತು. ಆದರೆ ಅದು ಸಾಮಾನ್ಯ ಹಂಪಲ್ಲ. ಸಿದ್ದರಾಮಪ್ಪನವರು ಅಪಾರ್ಟ್‌ಮೆಂಟಿನ ಸಂಘಕ್ಕೂ ಅಧ್ಯಕ್ಷರಾಗಿದ್ದಾಗ ಕಟ್ಟಿಸಿ, ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ್ದು. ಪಕ್ಕದಲ್ಲಿ ಅವರ ಹೆಸರಿನ ಗ್ರಾನೈಟ್ ಕಲ್ಲು ಮೂರು ಭಾಷೆಗಳಲ್ಲಿದೆ.

"ಆ ಹಂಪ್ ಒಡಸ್ರೀ," ಎಂದರು ಸೂಗಮ್ಮನವರು, ಸಭೆಯ ಎದುರಿಗೇ. "ನುಮಾಯಿಶ್ ಶುರು ಆಗೈತಿ. ನನ್ನ ಸಲುವಾಗಿ ಗಾಡಿ ತಂದೀರಿ, ನಾನು ಇನ್ನೂ ಗೇಟ್ ದಾಟಿಲ್ಲ."

"ಹಂಪ್ ಸಾರ್ವಜನಿಕ ಆಸ್ತಿ ಐತಿ. ಅದರ ಆಯುಷ್ಯ ಇನ್ನೂ ಮುಗ್ದಿಲ್ಲ," ಎಂದರು ಅಧ್ಯಕ್ಷರು. "ಆಯುಷ್ಯ ಮುಗೀದಂಗ ಒಡದ್ರ ಆಡಿಟ್‌ನಾಗ ಏನಂತ ಹೇಳ್ಲಿ?"

"ನಂದು ಮುಗೀತೈತಲ್ರೀ!" ಎಂದು ಸೂಗಮ್ಮನವರು ಎದ್ದು ಹೋದರು. ಮೊಣಕಾಲಿನ ಮೇಲೆ ಕೈಯೂರಿ, ಕುಂಟುತ್ತಾ ಹೋದರು. ನನಗೆ ನಿಜವಾಗಿಯೂ ಸಂಕಟವಾಯಿತು. ಸಭೆಯ ನಡಾವಳಿಯಲ್ಲಿ 'ಒಬ್ಬ ಸದಸ್ಯೆ ಚರ್ಚೆಯಲ್ಲಿ ಉತ್ಸಾಹದಿಂದ ಪಾಲ್ಗೊಂಡರು' ಎಂದು ಬರೆದೆ.

ಅಷ್ಟರಲ್ಲಿ ಗಾಡಿ ಕೆಟ್ಟಿತು. ಓಡದ ಗಾಡಿ ಕೆಡುವುದು ಹೇಗೆ ಎಂದು ವಿಚಾರಿಸಿದಾಗ, ಇಂಥ ಗಾಡಿಗಳು ಓಡದಿದ್ದರೇ ಬೇಗ ಕೆಡುತ್ತವೆ ಎಂದು ತಿಳಿದುಬಂತು. ನಿಂತು ನಿಂತು ಬ್ಯಾಟರಿ ಸತ್ತಿತ್ತು, ಟೈರು ಒಂದೇ ಬದಿ ಚಪ್ಪಟೆಯಾಗಿತ್ತು. ಸರ್ವಿಸಿಗೆ ಮೂರು ಕೊಟೇಶನ್ ತರಿಸಿದೆವು. ಬಂಜಾರಾ ಹಿಲ್ಸ್ ಕಡೆಯ ಒಂದು ದೊಡ್ಡ ಸರ್ವಿಸ್ ಸೆಂಟರಿನವರು ಹಿಂದಿನ ಎರಡು ಟೈರಿಗೆ ಒಂದು ಸ್ಕೂಟರಿನ ಬೆಲೆ ಹೇಳಿದರು. ಎಂಜಿನ್ ಆಯಿಲ್ ಬದಲಾಯಿಸಲು ಗಾಡಿಯ ಹಿಂಭಾಗವನ್ನೆಲ್ಲ ಬಿಚ್ಚಬೇಕಂತೆ, ಬಿಚ್ಚುವುದಕ್ಕೆ ಬೇರೆ, ಮತ್ತೆ ಮುಚ್ಚುವುದಕ್ಕೆ ಬೇರೆ. ನಾಲ್ಕು ಬ್ರೇಕ್ ಪ್ಲೇಟುಗಳ ಬೆಲೆಗೆ ಒಂದು ಸಣ್ಣ ಕಾರೇ ಬರುತ್ತಿತ್ತು.

"ಹಂಗಾದ್ರ ಆ ಸಣ್ಣ ಕಾರೇ ತರ್ರಿ," ಎಂದರು ಸೂಗಮ್ಮನವರು.

"ಅದು ಬಿಡಿಭಾಗದ ಬಜೆಟ್. ಬಿಡಿಭಾಗದ ರೊಕ್ಕದಾಗ ವಾಹನ ತಗೋಳಾಕ ಬರಂಗಿಲ್ಲ," ಎಂದು ಅಧ್ಯಕ್ಷರು ತಾಳ್ಮೆಯಿಂದ ವಿವರಿಸಿದರು.

ಕೊನೆಗೆ ಕಡಿಮೆ ದರ ಕೊಟ್ಟದ್ದು ಕೋಠಿಯ ಹಿಂದೆ ರಾಹುಲ ಎಂಬಾತ ನಡೆಸುವ ವರ್ಕ್‌ಶಾಪು. ಅವನದು ತಿಂಗಳಿಗೊಂದು ಸರ್ವಿಸಿನ ವಾರ್ಷಿಕ ಕರಾರು. ಮನೆಯಿಂದ ಟ್ರಕ್ಕಿನ ಮೇಲೆ ಒಯ್ದು ವಾಪಸು ತಂದು ಬಿಡುವುದು ಉಚಿತ. ಉಚಿತ ಎಂಬ ಶಬ್ದದ ಕೆಳಗೆ ಅಧ್ಯಕ್ಷರು ಎರಡು ಗೆರೆ ಎಳೆದರು.

ನುಮಾಯಿಶ್ ಇನ್ನೇನು ಮುಗಿಯುವುದರಲ್ಲಿತ್ತು. ಟ್ರಕ್ಕು ಬರುವ ದಿನ ಮಧ್ಯಾಹ್ನ ನಾವು ನೆಲಮಹಡಿಗೆ ಇಳಿದಾಗ ಸೂಗಮ್ಮನವರು ಇಳಕಲ್ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹಳದಿ ಗಾಡಿಯ ಚಾಲಕನ ಸೀಟಿನಲ್ಲಿ ಕುಳಿತಿದ್ದರು. ಕುಳಿತಿದ್ದರು ಅನ್ನುವುದಕ್ಕಿಂತ ಮಲಗಿದ್ದರು ಅನ್ನಬಹುದು, ಆ ಸೀಟು ಹಾಗಿದೆ.

ಟ್ರಕ್ಕಿನ ಚಾಲಕ ಚಂದ್ರಾಮ ಬೀದರ್ ಕಡೆಯವನು. ಅವನು ಬಗ್ಗಿ ನೋಡಿ, "ಅವ್ವಾರ, ಇಳೀರಿ. ಗಾಡಿ ಮ್ಯಾಲ ಏರಸಬೇಕು," ಎಂದ.

"ಇಳ್ಯಾಕ ಬರವಲ್ದಪ. ಮೊಣಕಾಲ ಏಳವಲ್ವು."

ಇದು ನಿಜ. ಈ ಗಾಡಿಯೊಳಗೆ ಮೊಣಕಾಲು ನೋವಿನವರು ಸರಾಗವಾಗಿ ಬೀಳಬಹುದು, ಏಳುವ ಬಗ್ಗೆ ನಮ್ಮ ಟೆಂಡರಿನಲ್ಲಿ ಯಾವ ಷರತ್ತೂ ಇರಲಿಲ್ಲ. ಅಧ್ಯಕ್ಷರು ಒಂದು ಕೈ ಹಿಡಿದು ಎಳೆದರು. ನಾನು ಅಧ್ಯಕ್ಷರನ್ನು ಹಿಡಿದು ಎಳೆದೆ. ಸೂಗಮ್ಮನವರು ಅಲುಗಲಿಲ್ಲ. ನನಗೇನೋ ಅವರು ಇನ್ನೊಂದು ಕೈಯಿಂದ ಸ್ಟೇರಿಂಗನ್ನು ಹಿಡಿದುಕೊಂಡಿದ್ದರು ಅಂತ ಅನುಮಾನ.

"ಎಲ್ಲೀಗೆ ಹೊಂಟೈತಿ ಟ್ರಕ್?" ಎಂದು ಅವರೇ ಚಂದ್ರಾಮನನ್ನು ಕೇಳಿದರು.

"ಕೋಠಿಗ್ರಿ."

"ಹಾದ್ಯಾಗ ನಾಂಪಲ್ಲಿ ಬರ್ತೈತಲ್ಲ?"

"ಬರ್ತೈತ್ರಿ."

"ಏರಸು ಹಂಗಾರ," ಎಂದರು ಸೂಗಮ್ಮನವರು.

ಮಂಡಳಿಯ ಆಸ್ತಿಯನ್ನು ಒಬ್ಬ ಸದಸ್ಯೆಯ ವಶದಲ್ಲಿ ಒಂಟಿಯಾಗಿ ಕಳಿಸುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಅಧ್ಯಕ್ಷರು ಪಕ್ಕದ ಸೀಟಿಗೆ ಇಳಿದರು. ನಾನು ಚಂದ್ರಾಮನ ಪಕ್ಕ ಕುಳಿತೆ. ಟ್ರಕ್ಕು ಸಿದ್ದರಾಮಪ್ಪನವರ ಹಂಪನ್ನು ದಾಟಿತು. ಹಂಪು ಹಾಗೇ ಇತ್ತು, ಕಲ್ಲೂ ಹಾಗೇ ಇತ್ತು. ಮೇಲಿನಿಂದ ಸೂಗಮ್ಮನವರ ಮಾತು ಕೇಳಿಸಿತು: "ಎಷ್ಟ್ ಮೆತ್ತಗ ಹೋಗ್ತೈತ್ರಿ ನಮ್ ಗಾಡಿ!"

ಕೂಕಟಪಲ್ಲಿಯಲ್ಲಿ ಸ್ಕೂಟರಿನವರು ಫೋಟೋ ತೆಗೆದರು. ಅಮೀರ್‌ಪೇಟದಲ್ಲಿ ಟ್ರಾಫಿಕ್ ಪೊಲೀಸನೊಬ್ಬ ಇದು ಯಾವುದೋ ಮೆರವಣಿಗೆ ಇರಬೇಕೆಂದು ಬೇರೆ ಗಾಡಿಗಳನ್ನು ತಡೆದು ದಾರಿ ಬಿಡಿಸಿಕೊಟ್ಟ. ಭರಣಿ ಒಡೆದ ಅದೇ ಅಮೀರ್‌ಪೇಟದಲ್ಲಿ ಸೂಗಮ್ಮನವರು ಕಿಟಕಿಯಿಂದ ಕೈ ಹೊರಚಾಚಿ ಎಲ್ಲರಿಗೂ ಬೀಸಿದರು. ಕೋಠಿಯಲ್ಲಿ ರಾಹುಲ ಅವರನ್ನು ನೋಡಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಅವರು ಕುಳಿತಿರುವಂತೆಯೇ ಬ್ಯಾಟರಿ ಬದಲಾಯಿಸಿದ. ಬಿಲ್ಲಿನಲ್ಲಿ 'ಸವಾರರ ಸಮೇತ ಸರ್ವಿಸ್' ಎಂದು ಒಂದು ಸಾಲು ಹೆಚ್ಚಾಯಿತು. ಅದಕ್ಕೂ ತೆರಿಗೆ ಉಂಟು.

ವಾಪಸು ಬರುವಾಗ ಸಂಜೆಯಾಗಿತ್ತು. ನುಮಾಯಿಶ್ ಗೇಟಿನ ಎದುರು ಚಂದ್ರಾಮ ಟ್ರಕ್ಕು ನಿಲ್ಲಿಸಿದ. ಅಧ್ಯಕ್ಷರು ಹೇಗೋ ಹೊರಳಿ ಇಳಿದು ಮೂರು ಅಂಗಡಿಗಳ ದರ ವಿಚಾರಿಸಲು ಹೊರಡುವವರಿದ್ದರು. ಅಷ್ಟರಲ್ಲಿ ಪಿಂಗಾಣಿ ಅಂಗಡಿಯವನೊಬ್ಬ ಜನರ ಗುಂಪು ನೋಡಿ ತಾನೇ ಹೊರಗೆ ಬಂದು, ಒಂದೊಂದೇ ಭರಣಿಯನ್ನು ಟ್ರಕ್ಕಿನ ಮೇಲಕ್ಕೆ ಎತ್ತಿ ತೋರಿಸತೊಡಗಿದ. ಸೂಗಮ್ಮನವರು ಬೆರಳಿನಿಂದ ತಟ್ಟಿ ತಟ್ಟಿ ಸದ್ದು ಕೇಳಿದರು. ನೀಲಿ ಹೂವಿನದೊಂದನ್ನು ಎದೆಗೆ ಒತ್ತಿ ಹಿಡಿದರು.

"ಇದ ಇರ್ಲ್ರಿ," ಎಂದರು ಗಂಡನಿಗೆ.

"ಇನ್ನೂ ಎರಡ್ ಕಡೆ ಕೇಳೂದೈತಿ..." ಎಂದು ಶುರುಮಾಡಿದ ಅಧ್ಯಕ್ಷರು ಮೇಲೆ ನೋಡಿದರು. ಅಷ್ಟು ಎತ್ತರದಲ್ಲಿ, ಹಳದಿ ಗಾಡಿಯೊಳಗೆ, ಭರಣಿ ಅಪ್ಪಿಕೊಂಡು ಹೆಂಡತಿ ನಗುತ್ತಿದ್ದುದನ್ನು ಅವರು ನೋಡಿದರು. ಆಮೇಲೆ ಅಂಗಡಿಯವನು ಕೇಳಿದಷ್ಟು ದುಡ್ಡು ಕೊಟ್ಟರು. ಒಂದೇ ಕೊಟೇಶನ್ನಿಗೆ ಅವರು ಏನನ್ನಾದರೂ ಕೊಂಡದ್ದು ನನಗೆ ಗೊತ್ತಿದ್ದಂತೆ ಅದೇ ಮೊದಲು. ಇದನ್ನು ನಾನು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಭರಣಿಯನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಬಿಗಿಯಲಾಯಿತು. ಅಧ್ಯಕ್ಷರು ನನ್ನ ಜಾಗಕ್ಕೆ ಬಂದರು. ನಾನು ನಾಂಪಲ್ಲಿಯಲ್ಲಿ ಮೆಟ್ರೋ ಹತ್ತಿ, ಅವರಿಗಿಂತ ಬಹಳ ಮೊದಲೇ ಮಿಯಾಪುರ ಮುಟ್ಟಿ, ಊಟ ಮಾಡಿ, ಗೇಟಿನಲ್ಲಿ ಅವರನ್ನು ಸ್ವಾಗತಿಸಿದೆ. ಸೂಗಮ್ಮನವರನ್ನು ಹೊರತೆಗೆಯಲು ಗದಿಗೆಮ್ಮನವರ ಮುಂದಾಳತ್ವದಲ್ಲಿ ಮಹಿಳಾ ವಿಭಾಗದವರೆಲ್ಲ ಸೇರಬೇಕಾಯಿತು.

ಮರುದಿನದಿಂದಲೇ ಅರ್ಜಿಗಳು ಬರತೊಡಗಿದವು. ಈಗ ಮಂಡಳಿಯ ಫಲಕದಲ್ಲಿ ಈ ಪ್ರಕಟಣೆ ಇದೆ: 'ವಾಹನದ ಪ್ರಯಾಣವು ಸರ್ವಿಸಿನ ದಿನ ಮಾತ್ರ ಲಭ್ಯ. ಪ್ರಯಾಣಿಕರು ಟ್ರಕ್ಕು ಬರುವ ಮೊದಲೇ ವಾಹನದಲ್ಲಿ ಕುಳಿತಿರತಕ್ಕದ್ದು. ಎಂಜಿನ್ ಚಾಲೂ ಮಾಡತಕ್ಕದ್ದಲ್ಲ, ಟ್ರಕ್ಕಿನವನಿಗೆ ಗಾಬರಿಯಾಗುತ್ತದೆ. ಭರಣಿ, ಮಿಕ್ಸರ್ ಇತ್ಯಾದಿಗಳಿಗೆ ಸೀಟು ಬೇಕಾದಲ್ಲಿ ಪತಿಯರು ಬಿಟ್ಟುಕೊಡತಕ್ಕದ್ದು.' ಸದಸ್ಯರ ಸರದಿ ಮುಗಿಯದ ಕಾರಣ ತಿಂಗಳಿಗೆ ಎರಡು ಸರ್ವಿಸ್ ಮಾಡಿಸಲು ತೀರ್ಮಾನಿಸಲಾಗಿದೆ. ಅದಕ್ಕೆ ಬೇಕಾದಷ್ಟು ಸಲ ಗಾಡಿ ಕೆಡಿಸಿಕೊಡಲು ರಾಹುಲ ಒಪ್ಪಿದ್ದಾನೆ. ವರ್ಷವಿಡೀ ಓಡಾಡಿದರೂ ವಾಹನವು ಒಂದು ಹನಿ ಪೆಟ್ರೋಲನ್ನೂ ಕುಡಿದಿಲ್ಲವೆಂದು ವಾರ್ಷಿಕ ವರದಿಯಲ್ಲಿ ಓದಿದಾಗ ಮತ್ತೆ ಚಪ್ಪಾಳೆ ಬಿತ್ತು.

ಆ ವರದಿಯ ಹಿಂದೆಯೇ ಮೇ ತಿಂಗಳಲ್ಲಿ ಲೆಕ್ಕ ತಪಾಸಣೆಯವರು ಬಂದರು. ಕಾಗದಗಳನ್ನೆಲ್ಲ ತಿರುವಿ ಹಾಕಿ, ಕನ್ನಡಕ ತೆಗೆದು, "ಇಷ್ಟು ಖರ್ಚು ಮಾಡಿ ಮಂಡಳಿಗೆ ಸಿಕ್ಕಿದ್ದಾದರೂ ಏನು?" ಎಂದು ಕೇಳಿದರು. ಊಟದ ಹೊತ್ತಾಗಿತ್ತು. ಸೂಗಮ್ಮನವರು ನೀಲಿ ಹೂವಿನ ಭರಣಿ ತಂದು, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ರೊಟ್ಟಿಯ ಪಕ್ಕ ಒಂದು ಹೋಳು ಮಾವಿನ ಉಪ್ಪಿನಕಾಯಿ ಬಡಿಸಿದರು. ಲೆಕ್ಕ ತಪಾಸಣೆಯವರು ಕಣ್ಣು ಮುಚ್ಚಿ ಅಗಿದರು, ಇನ್ನೊಂದು ಹೋಳು ಹಾಕಿಸಿಕೊಂಡರು, ಕೈ ತೊಳೆದು ಸಹಿ ಮಾಡಿದರು.