ಷಡ್ಡಕನ ದನಿಗೆ ಕಾಯುವ ನೀರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಓಣಿಯವನು ಕಾರು ಕೊಂಡ, ಗೆಳೆಯನ ಹೊಲದ ಪಕ್ಕ ಹೆದ್ದಾರಿ ಬಂತು, ಜೊತೆಗೆ ಓದಿದವನು ಸಾಹೇಬನಾದ, ಇಂಥದ್ದಕ್ಕೆ ಹೊಟ್ಟೆ ಉರಿದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದು. ಕೇಳಿದವರೂ ತಮ್ಮದೊಂದಿಷ್ಟು ಸೇರಿಸಿ ಉರಿಸಿಕೊಂಡು ಹೋಗುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ನನ್ನ ಹೊಟ್ಟೆ ಉರಿದದ್ದು ಒಂದು ಗೀಸರಿಗೆ. ಅದೂ ನನ್ನದಲ್ಲದ ಊರಿನ, ನನ್ನದಲ್ಲದ ಬಚ್ಚಲುಮನೆಯ ಗೀಸರಿಗೆ. ಆದರೆ ಅದು ಸಾಮಾನ್ಯ ಗೀಸರಲ್ಲ. ಫೋನಿನ ಮಾತು ಕೇಳುವ ಗೀಸರು. ಫೋನು ಕೈಯಲ್ಲಿಲ್ಲದಿದ್ದರೆ ಅದನ್ನು ಕೊಂಡವನ ದನಿಯನ್ನೇ ಗುರುತು ಹಿಡಿದು ನೀರು ಕಾಯಿಸುವ ಗೀಸರು. ಬೇರೆ ಯಾರು ಕೂಗಿಕೊಂಡರೂ ಅದಕ್ಕೆ ಕಿವಿ ಕೇಳಿಸದು.

ನಾನಿರುವುದು ಬಸವಕಲ್ಯಾಣದಲ್ಲಿ. ತಹಸೀಲ ಕಚೇರಿಯ ಎದುರಿಗಿರುವ ಒಂದು ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕೆಲಸ; ಅರ್ಜಿ ಹಿಡಿದು ಬಂದವರ ದನಿ ಕದಿಯುವುದು ನನ್ನ ಚಟ. ಮುಡಬಿಯ ಮುದುಕ ಹೇಗೆ ಕೆಮ್ಮಿ ಮಾತು ಶುರು ಮಾಡುತ್ತಾನೆ, ನಾರಾಯಣಪುರದ ಅಜ್ಜಿ ಹೆಬ್ಬೆಟ್ಟೊತ್ತುವ ಮೊದಲು ಏನೆಂದು ಗೊಣಗುತ್ತಾಳೆ, ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳುವಾಗ ಅವನ ಮೂಗು ಎಷ್ಟು ಮಾತಾಡುತ್ತದೆ, ಎಲ್ಲ ನನ್ನ ಗಂಟಲಲ್ಲಿದೆ. ನನ್ನ ಅಂಗಡಿಯ ಮಾಲೀಕರ ದನಿಯನ್ನು ಅವರ ಹಿಂದೆ ತೆಗೆದು, ಅವರು ನನ್ನ ಹಿಂದೆಯೇ ನಿಂತಿದ್ದ ದಿನವೂ ಒಂದುಂಟು. ಅದಿರಲಿ. ಹೋದ ವೈಶಾಖದಲ್ಲಿ ಹುಮನಾಬಾದಿನ ಸುವರ್ಣಾಳನ್ನು ಮದುವೆಯಾದಾಗ ನನ್ನ ಬಳಿ ಇದ್ದ ಆಸ್ತಿ ಇಷ್ಟೇ. ಮೊದಲ ಭೇಟಿಯಲ್ಲೇ ಮಾವನವರ ದನಿಯನ್ನು ಮಾವನವರ ಎದುರಿಗೇ ತೆಗೆದೆ. ಅವರು ನಗುತ್ತ ನಗುತ್ತ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಗೆದ್ದೆ ಎಂದುಕೊಂಡೆ. ಆದರೆ ಆ ಮನೆಯಲ್ಲಿ ಗೆಲ್ಲಬೇಕಾದದ್ದು ಮಾವನವರನ್ನಲ್ಲ.

ಸುವರ್ಣಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಸಂಗಮೇಶಣ್ಣ. ಅದೇ ಊರಿನವನು, ಎರಡು ಓಣಿ ಆಚೆ ಅವನ ಮನೆ, ಬಸ್ ನಿಲ್ದಾಣದ ಕಡೆ ಅವನ ಕರೆಂಟ್ ಸಾಮಾನಿನ ಅಂಗಡಿ. ಮೇಲಾಗಿ ಅತ್ತೆಯವರ ಸ್ವಂತ ಅಣ್ಣನ ಮಗ. ನಾನು ಹೋದರೆ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಅದರ ಮೇಲೆ ಟವೆಲ್ ಹಾಸಿ, "ಕುಂದರ್ರಿ, ಕುಂದರ್ರಿ" ಎನ್ನುತ್ತಾರೆ. ಅವನು ಬಂದರೆ ಯಾರೂ ಏನೂ ಅನ್ನುವುದಿಲ್ಲ. ಚಪ್ಪಲಿ ಬಿಟ್ಟವನೇ ಸೀದಾ ಅಡುಗೆಮನೆಗೆ ನುಗ್ಗಿ, ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಕಾದ ಹಂಚಿನಿಂದಲೇ ರೊಟ್ಟಿ ಎತ್ತಿಕೊಳ್ಳುತ್ತಾನೆ. ಆ ಟವೆಲ್ ಹಾಸಿದ ಕುರ್ಚಿಯಲ್ಲಿ ಕೂತು ಅಡುಗೆಮನೆಯ ನಗು ಕೇಳುವುದಿದೆಯಲ್ಲ, ಅದು ಎಂಥ ಮರ್ಯಾದೆಯೆಂದು ಕೂತವರಿಗೇ ಗೊತ್ತು.

ಈ ಸಂಗಮೇಶಣ್ಣನಿಗೆ ನಮ್ಮ ಮದುವೆಯ ಬೇಸಿಗೆಯಿಂದಲೇ ಬಚ್ಚಲುಮನೆಯ ಹುಚ್ಚು ಹಿಡಿದಿತ್ತು. ಮೊದಲು ಒಂದು ಹಲ್ಲುಜ್ಜುವ ಬ್ರಷ್ಷು ತಂದ. ಉಜ್ಜಿ ಮುಗಿಸಿದ ಮೇಲೆ ಅದು ಅವನ ಫೋನಿಗೆ ಚಾಡಿ ಹೇಳುತ್ತದೆ: ಬಲಗಡೆ ಕೆಳದವಡೆ ಇನ್ನೂ ಸ್ವಚ್ಛವಾಗಿಲ್ಲ. "ಉಜ್ಜಿದಾವ್ರು ನೀವ, ಎಲ್ಲಿ ಉಜ್ಜಿಲ್ಲ ಅಂತ ನಿಮಗ ಗೊತ್ತಿರಲ್ಲೇನ್ರಿ ಅಣ್ಣಾ?" ಎಂದು ಎಲ್ಲರೆದುರು ಅವನ ಕಾಲೆಳೆದೆ. ಎಲ್ಲರೂ ನಕ್ಕರು. ಊರಿಗೆ ಮರಳಿದ ಮೇಲೆ ಆ ವಾರವೆಲ್ಲ ನಾನು ಬಲಗಡೆ ಕೆಳದವಡೆಯನ್ನು ಎರಡೆರಡು ಸಲ ಉಜ್ಜಿದೆ. ಯಾವ ಫೋನೂ ನನಗೆ ಶಹಬ್ಬಾಸ್ ಅನ್ನಲಿಲ್ಲ. ಆಮೇಲೆ ಒಂದು ಕನ್ನಡಿ ತಂದ. ಮುಖದ ಪಕ್ಕದಲ್ಲಿ ಹವಾಮಾನ ತೋರಿಸುತ್ತದೆ. ಹುಮನಾಬಾದಿನ ಬೇಸಿಗೆಯಲ್ಲಿ ಹೊರಗೆ ಬಿಸಿಲಿದೆ ಎಂದು ಕನ್ನಡಿ ಹೇಳಿ ತಿಳಿಯಬೇಕೆ? ತೂಕದ ಹಲಗೆ ತಂದ. ಹತ್ತಿ ನಿಂತರೆ ತೂಕ ಫೋನಿಗೆ ಹೋಗುತ್ತದೆ, ಕೆಳಗೆ ಬಗ್ಗಿ ನೋಡುವ ಶ್ರಮವಿಲ್ಲ. ಬಗ್ಗಿದರೆ ಹೊಟ್ಟೆ ಅಡ್ಡ ಬರುವವರಿಗೆ ಇದು ಒಳ್ಳೆಯದೇ ಎಂದು ಒಪ್ಪುತ್ತೇನೆ. ಕೊನೆಗೆ ಆ ಗೀಸರು. ಅದನ್ನು ಅವನು ತನ್ನ ಮನೆಗಲ್ಲ, ಅತ್ತೆಯವರ ಬಚ್ಚಲಿಗೇ ತಂದು ಕೂಡಿಸಿದ. ಅಂಗಡಿಯಲ್ಲಿ ಕೂತೇ ಬೆರಳಾಡಿಸಿ, "ಅತ್ತೀ, ನೀರ ಕಾದಾವ, ಜಳಕಕ್ಕ ಹೋಗು" ಎಂದು ಫೋನು ಮಾಡುತ್ತಿದ್ದ. ಅತ್ತೆಯವರು ಅದನ್ನು ಓಣಿಯ ತುಂಬ ಹೇಳಿಕೊಂಡು ಬಂದರು.

ಬಚ್ಚಲಿಗೆ ಫೋನು ಯಾಕೆ ಬೇಕು ಎಂದು ನಾನು ಅಂಗಡಿಯಲ್ಲಿ, ಬಸ್ಸಿನಲ್ಲಿ, ಚಹಾದ ಹೋಟೆಲಿನಲ್ಲಿ ಭಾಷಣ ಮಾಡಿದ್ದೇನೆ. ಮನುಷ್ಯ ಫೋನಿನಿಂದ ತಪ್ಪಿಸಿಕೊಂಡು ಹೋಗುವುದಕ್ಕೆ ಉಳಿದಿದ್ದ ಕೊನೆಯ ಜಾಗ ಅದು. ನೀರು ಎಷ್ಟು ಬಿಸಿ ಎಂದು ಅದು ಹೇಳುತ್ತದೆ. ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದು ಹೇಳುತ್ತದೆಯೇ? ಮಾತು ಚೆನ್ನಾಗಿತ್ತು, ಚಹಾದ ಹೋಟೆಲಿನವರು ತಲೆದೂಗಿದರು. ಮನೆಯಲ್ಲಿ ಸುವರ್ಣಾ ತಲೆದೂಗಲಿಲ್ಲ. ನಮ್ಮಲ್ಲಿರುವುದು ಬಕೆಟಿಗೆ ಇಳಿಬಿಡುವ ರಾಡು. ನಾನು ಬಕೆಟಿನ ಹತ್ತಿರ ಬಗ್ಗಿದರೆ ಸಾಕು, ಒಳಗಿನಿಂದ ಅವಳು, "ಸ್ವಿಚ್ ಬಂದ್ ಮಾಡೀರೇನ್ರಿ?" ಎಂದು ಮೂರು ಸಲ ಕೂಗುತ್ತಾಳೆ. ಸೂಚನೆ ನಮಗೂ ಬರುತ್ತದೆ, ಫೋನಿಗೆ ಬರುವುದಿಲ್ಲ ಅಷ್ಟೇ. "ನಿಮಗ ಗೀಸರ ಬ್ಯಾಡಾಗಿಲ್ಲ," ಎಂದಳು ಒಮ್ಮೆ, "ಅದು ಸಂಗಮೇಶ ಮಾವ ತಂದಿದ್ದು ಬ್ಯಾಡಾಗ್ಯದ." ಹೆಂಡತಿಯರು ಹೀಗೆ ಎಣ್ಣೆ ಹಚ್ಚದೆ ಮಾತಾಡಬಾರದು.

ಎಣ್ಣೆ ಅಂದಾಗ ನೆನಪಾಯಿತು, ದಿವಾಳಿ ಬಂತು. ಮದುವೆಯಾದ ಮೊದಲ ದಿವಾಳಿಗೆ ಆ ಮನೆಯಲ್ಲಿ ಹೊಸ ಅಳಿಯನಿಗೆ ಮೊದಲ ನೀರು. ಬೆಳಗಾಗುತ್ತಲೇ ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಮನೆಯಲ್ಲಿ ಬೇರೆ ಯಾರೂ ತಲೆಗೆ ಹನಿ ಹಾಕಿಕೊಳ್ಳುವ ಮೊದಲು ಅವನ ಜಳಕವಾಗಬೇಕು, ಜಳಕವಾಗಿ ಬಂದವನಿಗೆ ಆರತಿಯಾಗಬೇಕು. ಆರು ತಿಂಗಳಿಂದ ನಾನು ಕಾದಿದ್ದ ದಿನ. ಆ ಒಂದು ಬೆಳಗಾದರೂ ಸಂಗಮೇಶಣ್ಣ ನನ್ನ ಹಿಂದೆ ಸರದಿಯಲ್ಲಿ ನಿಲ್ಲಬೇಕಲ್ಲ! ಹಿಂದೆಲ್ಲ ಹಬ್ಬಕ್ಕೆ ನೀರು ಕಾಯಿಸುವ ಹಂಡೆಗೆ ಸುಣ್ಣದ ಗೆರೆ ಎಳೆದು ಪೂಜೆ ಮಾಡುತ್ತಿದ್ದರಂತೆ. ಹಂಡೆ ಅಟ್ಟ ಸೇರಿದ್ದರಿಂದ ಅತ್ತೆಯವರು ಗೀಸರಿಗೇ ಮೂರೆಳೆ ವಿಭೂತಿ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ನನ್ನ ಮೊದಲ ನೀರಿನ ದಿನ ಮಾಲೆ ಬಿದ್ದದ್ದು ಷಡ್ಡಕನ ಗೀಸರಿಗೆ.

ನಾನು ಎಣ್ಣೆಯಲ್ಲಿ ಮಿಂದು ಮಣೆಯ ಮೇಲೆ ಕೂತೆ. ಸಂಗಮೇಶಣ್ಣ ಫೋನು ಹಿಡಿದು ಬಂದ. ಅವನು ಯಾವ ಮಾತನ್ನೂ ನೇರವಾಗಿ ಶುರು ಮಾಡುವವನಲ್ಲ. ಮೊದಲು ಗಂಟಲಲ್ಲಿ ಒಂದು "ಹ್ಹೆಂ", ಆಮೇಲೆ ಮಾತು, ಕೊನೆಯ ಅಕ್ಷರವನ್ನು ಬಟ್ಟೆ ಒಣಹಾಕಿದ ಹಾಗೆ ಉದ್ದಕ್ಕೆ ಎಳೆಯುವುದು.

"ಹ್ಹೆಂ... ಅತ್ತೀ, ಎರಡ ಮಿನಿಟ್ ತಡೀ. ಅಪ್ಡೇಟ್ ಆಗಾಕತ್ತದಾ."

"ಏನ್ ಆಗಾಕತ್ತದ?" ಎಂದರು ಮಾವನವರು.

"ಅಪ್ಡೇಟ್ ರಿ ಮಾವ. ಹೊಸದಾಗಾಕತ್ತದಾ."

"ತಂದು ಇನ್ನಾ ವರ್ಸ ಆಗಿಲ್ಲ, ಮತ್ತೇನು ಹೊಸದಾಗ್ತದೋ?"

"ಹಂಡೇನ ಇದ್ದಿದ್ರ ಈಟೊತ್ತಿಗೆ ನೀರು ಕುದ್ದಿರ್ತಿದ್ವು" ಎನ್ನುತ್ತ ಅತ್ತೆಯವರು ಆರತಿ ತಟ್ಟೆ ಸಜ್ಜುಮಾಡಲು ದೇವರ ಕೋಣೆಗೆ ಹೋದರು. ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಸಂಗಮೇಶಣ್ಣ ಮಾಳಿಗೆ ಹತ್ತಿದ. ಎಣ್ಣೆ ನನ್ನ ಹುಬ್ಬು ದಾಟಿ ಕಣ್ಣಿಗಿಳಿಯಿತು. ಅಡುಗೆಮನೆಯ ಬಾಗಿಲಿಂದ ಸುವರ್ಣಾ ಇಣುಕಿ, "ಮೆಣಸಿನಕಾಯಿ ಬಜ್ಜಿ ಆಗೀರಿ ನೋಡ್ರಿ" ಎಂದು ನಕ್ಕು ಒಳಗೆ ಹೋದಳು. ಇನ್ನು ಕೂರಲಾರದೆ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಗೋಡೆಯ ಮೇಲೆ ಗೀಸರು, ಅದರ ಪಕ್ಕ ದನಿ ಕೇಳುವ ದುಂಡನೆಯ ಡಬ್ಬಿ, ಡಬ್ಬಿಯ ನೀಲಿ ದೀಪ. ಅಪ್ಡೇಟ್ ಮುಗಿದಿರಬೇಕು. "ನೀರು ಕಾಯಿಸು" ಎಂದೆ. ಕೆಂಪು ದೀಪ. "ನೀರು ಕಾಯಿಸಪ್ಪಾ" ಎಂದೆ. ಮತ್ತೆ ಕೆಂಪು. ಆ ಕೆಂಪು ದೀಪದಲ್ಲಿ ನನಗೆ ಟವೆಲ್ ಹಾಸಿದ ಕುರ್ಚಿ ಕಾಣಿಸಿತು.

ಆಗ ನನ್ನ ಗಂಟಲು ನನ್ನನ್ನು ಕೇಳದೆಯೇ ಕೆಲಸ ಶುರು ಮಾಡಿತು. "ಹ್ಹೆಂ... ಗೀಸರ ಚಾಲೂ ಮಾಡೂ" ಎಂದೆ, ಕೊನೆಯ ಅಕ್ಷರವನ್ನು ಮಾಳಿಗೆಯವರೆಗೆ ಎಳೆದು. ಹಸಿರು ದೀಪ! ವಿಭೂತಿ ಹಚ್ಚಿಕೊಂಡ ಗೀಸರು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಬಿಸಿನೀರು. ಖುಷಿ ತಡೆಯದೆ ಅದೇ ದನಿಯಲ್ಲಿ, "ಆಹಾಹಾ, ಏನ್ ನೀರಪ್ಪಾ" ಎಂದು ಎರಡು ಸಲ ಹೆಚ್ಚಿಗೆ ಅಂದೆ. ಅದು ಬೇಕಿರಲಿಲ್ಲ.

"ಸಂಗ್ಯಾ! ನೀ ಒಳಗ ಏನ್ ಮಾಡಾಕತ್ತಿ?" ಬಾಗಿಲ ಹೊರಗೆ ಅತ್ತೆಯವರು. ಆರತಿ ತಟ್ಟೆ ಹಿಡಿದು ಬಂದವರಿಗೆ ಮಣೆ ಖಾಲಿ ಕಂಡಿದೆ, ಬಚ್ಚಲಲ್ಲಿ ಸಂಗಮೇಶಣ್ಣನ ದನಿ ಕೇಳಿದೆ. "ನಾಚಿಗಿ ಬರ್ತದಿಲ್ಲೋ ನಿನಗ? ಇವತ್ತ ಮೊದಲ ನೀರು ಸಣ್ಣ ಅಳಿಯಂದು. ಎಣ್ಣಿ ಹಚ್ಚಿಸಿಕೊಂಡು ಕುಂತಾವ್ರು ಎದ್ದು ಹೊರಗ ಹೋಗ್ಯಾರ, ಸಿಟ್ಟಿಗೆದ್ದಾರೋ ಏನೋ. ನೀ ಇಲ್ಲಿ ಹಾಯಾಗಿ ಮೈ ತೊಳಕೊಳ್ಳಾಕತ್ತಿ!"

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅತ್ತೆಯವರು ನನ್ನ ಪಕ್ಷ ವಹಿಸಿ ಅವನನ್ನು ಬೈಯುತ್ತಿದ್ದಾರೆ. ಇಂಥದ್ದನ್ನು ಅರ್ಧಕ್ಕೆ ನಿಲ್ಲಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಲ್ಲಿ ಬಂದ್ ಮಾಡಿ ಕಿವಿ ಬಾಗಿಲಿಗೆ ಕೊಟ್ಟೆ. ಅವರ ದನಿ ತಗ್ಗಿತು.

"ನನಗ ತಿಳೀದಿಲ್ಲ ಅಂದೀ ಏನು? ಅವರು ಬಂದಾಗಿಂದ ನಿನ್ನ ಹೊಟ್ಟ್ಯಾಗ ಬೆಂಕಿ ಬಿದ್ದದ. ನಿಮ್ಮ ಮಾವ ಅವರ ಮಾತಿಗೆ ಬಿದ್ದು ಬಿದ್ದು ನಗ್ತಾರ, ನಿನ್ನ ಕಡಿ ನೋಡಂಗಿಲ್ಲ ಅಂತ. ಅದಕ್ಕ ಬ್ರಷ್ ತಂದಿ, ಕನ್ನಡಿ ತಂದಿ, ಇದನ್ನ ತಂದು ನನ್ನ ಬಚ್ಚಲಿಗೆ ಹಚ್ಚಿದಿ."

ಬಚ್ಚಲಲ್ಲಿ ಒಬ್ಬನೇ ನಿಂತು ನಾನು ಕಿವಿಯಿಂದ ಕಿವಿಗೆ ಹಲ್ಲು ಬಿಟ್ಟೆ. ಸಂಗಮೇಶಣ್ಣನಿಗೆ, ನನ್ನ ಮೇಲೆ, ಹೊಟ್ಟೆಕಿಚ್ಚು! ಇದಕ್ಕಿಂತ ಬಿಸಿ ನೀರು ಎಲ್ಲಿದೆ?

"ಹುಚ್ಚಪ್ಪಾ," ಎಂದರು ಅತ್ತೆಯವರು, "ಅವರು ಎರಡ ದಿನ ಇರಾವ್ರು. ನಗಸ್ತಾರ, ಉಣ್ತಾರ, ಬಸ್ ಹತ್ತಿ ಹೋಗ್ತಾರ. ಕರೆಂಟ್ ಹೋದ್ರ ಓಡಿ ಬರಾವ ನೀನ, ದವಾಖಾನಿಗೆ ಕರಕೊಂಡು ಹೋಗಾವ ನೀನ. ಮನಿಗಿ ಬಂದ ಪಾವಣ್ಯಾರ ಮ್ಯಾಲ ಎಂಥಾ ಹೊಟ್ಟಿಕಿಚ್ಚೋ? ಹೂಂ ಅನ್ನು."

ಪಾವಣ್ಯಾರು. ಉಂಡು ಬಸ್ ಹತ್ತುವ ಅತಿಥಿ. ಮೈಮೇಲಿನ ನೀರು ಒಮ್ಮೆಲೇ ಆರಿತು.

"ಹೂಂ ಅನ್ನೋ!"

"ಹ್ಹೆಂ... ಆತು ಅತ್ತೀ" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಬರಾಬರ್ ಅಣಕು ಇನ್ನೊಂದು ಬಂದಿಲ್ಲ. ಚಪ್ಪಾಳೆ ಕೇಳುವ ಸ್ಥಿತಿ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. "ಅತ್ತೀ! ಗೀಸರ ಚಾಲೂ ಮಾಡಿದಾವ್ರು ಯಾರೂ? ನಾನ ಮಾಡೀನಿ ಅಂತ ಫೋನಿನಾಗ ಬಂದದಾ. ನಾ ಮ್ಯಾಲ ನೀರಿನ ಟಾಕಿ ಹಂತ್ಯಾಕ ಇದ್ದೆ!"

"ಮತ್ತ ಒಳಗಿದ್ದಾವ್ರು ಯಾರು?" ಎಂದರು ಅತ್ತೆಯವರು.

"ನಾನ್ರಿ" ಎಂದೆ.

"ನಾನು ಅಂದ್ರ ಯಾವ ನಾನು?"

ಪಡಸಾಲೆಯಿಂದ ಮಾವನವರು, "ಇನ್ಯಾರು? ಆ ಕಲ್ಯಾಣದ ಮಂಗ್ಯಾ!" ಎಂದವರೇ ಕೆಮ್ಮು ಬರುವತನಕ ನಕ್ಕರು. ಅತ್ತೆಯವರು ನಗಲಿಲ್ಲ. "ಹೊರಗ ಬಾ ಮೊದಲ" ಎಂದರು. ನಾನು ಟವೆಲ್ ಸುತ್ತಿಕೊಂಡು, ತಲೆ ತಗ್ಗಿಸಿ, ಅಭ್ಯಾಸದಂತೆ ಪಡಸಾಲೆಯ ಕುರ್ಚಿಯ ಕಡೆ ಹೊರಟೆ. ಅವರ ಮುಖ ಕೆಂಪಾಗಿತ್ತು. ತಾವು ಏನೆಲ್ಲ ಆಡಿದೆವೆಂದು ಅವರಿಗೂ ನೆನಪಾಗುತ್ತಿತ್ತು. ಆರತಿ ತಟ್ಟೆ ಹಿಡಿದೇ ಕುರ್ಚಿಗೆ ಅಡ್ಡ ನಿಂತರು.

"ಕುರ್ಚಿ ಗಿರ್ಚಿ ಏನಿಲ್ಲ ಇನ್ನ. ಅಂಗಿ ಹಾಕ್ಕೊಂಡು ಒಳಗ ಬಾ. ಕೊಬ್ಬರಿ ತುರಿಯೋದದ."

ನನ್ನ ಮೊದಲ ದಿವಾಳಿಯ ಆರತಿ ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಕೊಬ್ಬರಿ ಹಿಡಿದ ಕೈಯಲ್ಲೇ ಆಯಿತು. ಸಂಗಮೇಶಣ್ಣನ ಹಳೆಯ ಜಾಗದಲ್ಲಿ ಅರ್ಧ ಅವನು, ಅರ್ಧ ನಾನು. ಅವನು ಒಂದು ಕೊಬ್ಬರಿ ಹೋಳನ್ನು ಕೈಯಲ್ಲೇ ತಿರುಗಿಸುತ್ತ ಕೂತ. ಕೊನೆಗೆ ಮೆಲ್ಲಗೆ ಕೇಳಿದ: "ಹ್ಹೆಂ... ತಮ್ಮಾ, ನಾ ಖರೇನ ಹಂಗ ಮಾತಾಡ್ತೀನೇನೋ?"

"ಹ್ಹೆಂ... ಇಲ್ರಿ ಅಣ್ಣಾ" ಎಂದೆ.

ಅವನು ನಕ್ಕ, ಮಾವನವರ ದನಿ ಹೇಗೆ ತೆಗೆಯುವುದು ತನಗೂ ಕಲಿಸು ಎಂದ. ಕಲಿಸಿದೆ. ಹತ್ತು ಸಲ ತೆಗೆದ. ಹತ್ತು ಸಲವೂ ಅವನದೇ ದನಿ ಬಂತು. ನನಗೆ ಎಷ್ಟು ನೆಮ್ಮದಿಯಾಯಿತೆಂದು ಹೇಳಿಕೊಳ್ಳಬಾರದು. ಬದಲಿಗೆ ಅವನು, "ಗೀಸರಿಗೆ ನಿನ್ನ ದನೀನೂ ಹಾಕಿಬಿಡ್ತೀನಿ, ಮುಂದ ತ್ರಾಸ ಆಗಬಾರ್ದು" ಎಂದು ಫೋನು ನನ್ನ ಬಾಯಿಯ ಹತ್ತಿರ ಹಿಡಿದ. ಒಂದೇ ಮಾತನ್ನು ಮೂರು ಸಲ ಹೇಳಬೇಕಂತೆ. ಮೊದಲನೆಯ ಸಲ ಅದು ಹೇಗೋ ಕಂಡಕ್ಟರನ ಮೂಗಿನಿಂದ ಬಂತು. ಎರಡನೆಯ ಸಲ ಎಚ್ಚರವಾಗಿ ಹೇಳಿದೆ, ನಮ್ಮ ಅಂಗಡಿಯ ಮಾಲೀಕರು ಮಾತಾಡಿದರು. ಮೂರನೆಯದಕ್ಕೆ ಕಣ್ಣು ಮುಚ್ಚಿ ದೇವರನ್ನು ನೆನೆದೆ. ಮುಡಬಿಯ ಮುದುಕ ಕೆಮ್ಮಿದ. ಬೇರೆ ಬೇರೆ ಜನ ಮಾತಾಡುತ್ತಿದ್ದಾರೆ, ಒಬ್ಬರೇ ಮಾತಾಡಿ ಎಂದಿತು ಫೋನು. ಸುವರ್ಣಾ ರೊಟ್ಟಿ ತಟ್ಟುತ್ತಲೇ, "ನಾನೂ ಮದುವಿ ಆದಾಗಿಂದ ಅದನ್ನ ಹೇಳಾಕತ್ತೀನಿ" ಎಂದಳು.

ಹಾಗಾಗಿ ಇವತ್ತಿಗೂ ಹುಮನಾಬಾದಿಗೆ ಹೋದರೆ ನಾನು ಜಳಕ ಮಾಡುವುದು ಷಡ್ಡಕನ ದನಿಯಲ್ಲೇ. ನಾನು "ಹ್ಹೆಂ" ಎಂದ ಕೂಡಲೇ ಅವನ ಅಂಗಡಿಯಲ್ಲಿ ಫೋನು ಟಿಣ್ ಎನ್ನುತ್ತದೆ, ಅವನು ಅಲ್ಲಿಂದಲೇ ಮನೆಗೆ ಫೋನು ಮಾಡಿ, "ಅತ್ತೀ, ತಮ್ಮ ಬಂದಾನೇನೂ? ಚಹಾ ಇಡು, ನಾನೂ ಬರ್ತೀನೀ" ಎನ್ನುತ್ತಾನೆ. ಬಚ್ಚಲಿಗೆ ಫೋನು ಯಾಕೆ ಎಂದು ಈಗ ಯಾರಾದರೂ ಕೇಳಿದರೆ ನಾನು ಹೆಚ್ಚು ಮಾತಾಡುವುದಿಲ್ಲ. ಆದರೆ ಒಂದು ಮಾತು ಇನ್ನೂ ಕುಟುಕುತ್ತದೆ. ಆ ಫೋನು ಬರೆದಿಟ್ಟುಕೊಂಡಿರುವ ಪ್ರಕಾರ ಸಂಗಮೇಶಣ್ಣ ಹಬ್ಬಹರಿದಿನ ಬಂತೆಂದರೆ ದಿನಕ್ಕೆ ಎರಡೆರಡು ಸಲ ಜಳಕ ಮಾಡುತ್ತಾನೆ. ಅದರ ಲೆಕ್ಕದಲ್ಲಿ ನಾನು ಆ ಮನೆಯಲ್ಲಿ ಈತನಕ ಒಮ್ಮೆಯೂ ಮಾಡಿಲ್ಲ. ಇಷ್ಟು ಚೊಕ್ಕಟ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡಬೇಡ ಎಂದರೆ ಹೇಗೆ ಬಿಡಲಿ?