ಬೊಟ್ಟು ಬಿದ್ದ ಮಾನಿಟರು

"ಇದರಲ್ಲಿ ಕಾಣ್ತಿರೋದು ಅಕ್ಷರವೋ, ನನ್ನ ಮೂಗೋ?"

ವಿಘ್ನೇಶ್ವರ ಯಾರನ್ನೂ ಕೇಳಿದ್ದಲ್ಲ. ಅಂಗಡಿಯಲ್ಲಿ ಆಗ ಇದ್ದದ್ದು ಒಂದು ಕಂಪ್ಯೂಟರು, ಒಂದು ಕಪ್ಪು-ಬಿಳುಪು ಪ್ರಿಂಟರು, ಹಳೇ ಕ್ಯಾಲೆಂಡರಿನಲ್ಲಿ ವೀಣೆ ಹಿಡಿದ ಶಾರದೆ. ಮೂವರೂ ಉತ್ತರ ಕೊಡಲಿಲ್ಲ.

ಕೊಪ್ಪದ ಬಸ್ ಸ್ಟ್ಯಾಂಡಿಗೆ ಮುಖ ಮಾಡಿ ನಿಂತ ಅವನ ಡಿಟಿಪಿ ಅಂಗಡಿಯಲ್ಲಿ ಹಂಡೆಯಂಥ ಹಳೆಯ ಮಾನಿಟರು ಹತ್ತು ವರ್ಷ ದುಡಿದು, ಬುಧವಾರ ಸಂಜೆ ಟಪ್ ಎಂದು ಪ್ರಾಣ ಬಿಟ್ಟಿತ್ತು. ಬಿಡುವುದಕ್ಕೆ ಅದು ಆರಿಸಿಕೊಂಡ ಮುಹೂರ್ತವೋ! ಶೆಟ್ಟಿಕೊಪ್ಪದ ಪುಟ್ಟಪ್ಪಗೌಡರ ಮಗಳು ನಿಶ್ಚಿತಾಳ ಮದುವೆಯ ಕಾಗದ ಅರ್ಧ ಕಂಪೋಸಾಗಿತ್ತು. ಗೌಡರಿಗೆ ಒಡಹುಟ್ಟಿದವರು ಎಂಟು ಜನ, ಅವರ ಮನೆಗಳಲ್ಲಿ ಮದುವೆಗೆ ನಿಂತ ಮಕ್ಕಳು ಹದಿಮೂರು. ಮೊದಲ ಮದುವೆಯ ಕಾಗದ ಎಲ್ಲಿ ಆಗುತ್ತದೋ ಉಳಿದ ಹದಿಮೂರೂ ಅಲ್ಲೇ. ಗೌಡರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಶುಕ್ರವಾರ ಮೂರು ಗಂಟೆಗೆ ಬತ್ತೀನಿ. ಬಣ್ಣದಲ್ಲಿ ತೋರ್ಸು. ಒಪ್ಪಿದ್ರೆ ಸೈ. ಇಲ್ದಿದ್ರೆ ಶೃಂಗೇರಿಲಿ ಒಂದು ಪ್ರೆಸ್ಸಿದ್ಯಂತೆ ಮಾರಾಯ."

ಆ ಶುಕ್ರವಾರವೇ ಇವತ್ತು.

ಬೆಳಿಗ್ಗೆ ಎಂಟಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಬಷೀರ್ ಸಾಹೇಬರು ಆಟೋದಲ್ಲಿ ಎರಡು ಡಬ್ಬಿ ತಂದು ಇಳಿಸಿದ್ದರು. ಎರಡೂ ಹಪ್ಪಳದಷ್ಟು ತೆಳ್ಳಗಿನ ಹೊಸ ಮಾನಿಟರುಗಳು.

"ನೋಡಿ ವಿಘ್ನೇಶಣ್ಣ, ಸ್ಟುಡಿಯೋದಲ್ಲಿ ಫೋಟೋ ತೊಳೆಸುವಾಗ ಕೇಳ್ತಾರಲ್ಲ, ಗ್ಲಾಸಿ ಬೇಕಾ ಮ್ಯಾಟ್ ಬೇಕಾ ಅಂತ? ಇದೂ ಹಾಗೇ. ಇದು ಗ್ಲಾಸಿ, ಮದುಮಗಳ ಹಾಗೆ ಹೊಳೀತದೆ. ಇದು ಮ್ಯಾಟ್, ಮಾಷ್ಟ್ರ ಹಾಗೆ ಸಪ್ಪೆ. ಆದ್ರೆ ಕಣ್ಣಿಗೆ ತಂಪು. ಸ್ಟ್ಯಾಂಡ್ ಒಂದೇ ಉಂಟು, ಯಾವುದಕ್ಕೆ ಬೇಕಾದ್ರೂ ಕೂರ್ತದೆ. ಮೇಲೆ ಹೋಗ್ತದೆ, ಕೆಳಗೆ ಬರ್ತದೆ, ಕುತ್ತಿಗೆ ಆಡಿಸ್ತದೆ. ಸಂಜೆ ತನಕ ಎರಡೂ ನೋಡಿ. ಐದಕ್ಕೆ ಬಂದು ಒಂದನ್ನ ಒಯ್ತೇನೆ. ಒಂದೇ ಒಂದು ಮಾತು."

"ಎಂತದು?"

"ಬೊಟ್ಟು ಬಿದ್ದದ್ದು ನಿಮ್ಮದು. ಹೋದ ದೀಪಾವಳಿಲಿ ಒಬ್ರು ಫ್ರಿಜ್ಜು ನೋಡ್ಲಿಕ್ಕೆ ಅಂತ ಒಯ್ದು, ಅರಿಸಿನ ಕುಂಕುಮ ಹಚ್ಚಿ ವಾಪಸ್ ಕಳಿಸಿದ್ರು. ಪೂಜೆ ಆದ ಸಾಮಾನು ಬೇರೆ ಮನೆಯವ್ರು ಮುಟ್ತಾರಾ? ಈಗ ಅದರಲ್ಲಿ ನಮ್ಮನೆ ಮೀನು ಇಡ್ತೇವೆ."

ಕುತ್ತಿಗೆ ನೋವಿನ ವಿಘ್ನೇಶ್ವರನಿಗೆ ಮೊದಲು ಮೋಹ ಹುಟ್ಟಿದ್ದು ಸ್ಟ್ಯಾಂಡಿನ ಮೇಲೆ. ಬೇಕೆಂದಂತೆ ಏರಿಸಿ, ಇಳಿಸಿ, ಓರೆ ಮಾಡಿದ. ವಾಚನಕ್ಕೆ ಕುಳಿತವರು ವ್ಯಾಸಪೀಠವನ್ನು ಸರಿಮಾಡಿಕೊಂಡ ಹಾಗೆ ಸರಿಮಾಡಿಕೊಂಡು, ಗ್ಲಾಸಿಯನ್ನು ಅದರ ಮೇಲೆ ಕೂರಿಸಿ ಗುಂಡಿ ಒತ್ತಿದ. ಬಣ್ಣಗಳು ರೇಷ್ಮೆ ಸೀರೆಯಂತೆ ಬಿಚ್ಚಿಕೊಂಡವು. ಆದರೆ ಕಡುಗೆಂಪು ಕಾಗದದ ನಡುವೆ ಅವನ ಮೂಗು, ಮೂಗಿನ ಹಿಂದೆ ಟ್ಯೂಬ್‌ಲೈಟು, ಅದರ ಹಿಂದೆ ಬಾಗಿಲು, ಬಾಗಿಲ ಹಿಂದೆ ಇಡೀ ಬಸ್ ಸ್ಟ್ಯಾಂಡು! "ವರನ ತಂದೆ" ಎಂಬಲ್ಲಿ ಕಣ್ಣಿಟ್ಟರೆ ಬಾಳೆಹೊನ್ನೂರು ಬಸ್ಸು ಹಿಂದಕ್ಕೆ ಬರುತ್ತಿತ್ತು.

ಹಾಗೆ ಹುಟ್ಟಿದ್ದು ಆ ಪ್ರಶ್ನೆ. ಉತ್ತರ ಹೇಳಲು ಪಕ್ಕದ ಹೂವಿನಂಗಡಿಯ ವನಜಮ್ಮ ಬಂದರು.

"ಅಯ್ಯೋ, ಎಂಥ ಚಂದದ ಕನ್ನಡಿ!" ಎಂದವರೇ ಮಾನಿಟರಿನ ಎದುರು ಬಗ್ಗಿ ತಮ್ಮ ಬೊಟ್ಟು ಸರಿಮಾಡಿಕೊಂಡರು.

"ವನಜಮ್ಮ, ಅದು ಕಂಪ್ಯೂಟರು!"

"ಇರ್ಲಿ ಬಿಡು, ಮುಖ ಕಾಣ್ತದಲ್ಲ. ಮತ್ತೆ ಹೊಸ ಸಾಮಾನು ಶುಕ್ರವಾರ ಹೀಗೆ ಬರೀ ಹಣೆಯಲ್ಲಿ ಇರೋದಾ? ತಡಿ, ಕುಂಕುಮ ತತ್ತೀನಿ."

"ಬೇಡ!" ವಿಘ್ನೇಶ್ವರ ಎರಡೂ ಕೈ ಚಾಚಿ ಮಾನಿಟರಿಗೆ ಅಡ್ಡ ನಿಂತ. "ನಿಮ್ಮ ಕಾಲಿಗೆ ಬೀಳ್ತೀನಿ, ಬೊಟ್ಟೊಂದು ಇಡಬೇಡಿ."

"ಎಂಥ ನಾಸ್ತಿಕ ಮಾರಾಯ ನೀನು!" ಎಂದು ವನಜಮ್ಮ ಹೊರಟರು. ಹೊರಟವರು ಸುಮ್ಮನಿರಬೇಕಲ್ಲ? ವಿಘ್ನೇಶನ ಅಂಗಡಿಗೆ ಹೊಸ ಕನ್ನಡಿ ಬಂದ ಸುದ್ದಿ ಹತ್ತು ನಿಮಿಷದಲ್ಲಿ ಬಸ್ ಸ್ಟ್ಯಾಂಡು ದಾಟಿತು. ಹನ್ನೊಂದು ಗಂಟೆಯೊಳಗೆ ಅಂಗಡಿಗೆ ಹದಿನಾರು ಜನ ಬಂದರು. ಹದಿನಾರೂ ಜನ ತಲೆ ಬಾಚಿಕೊಂಡು ಹೋದರು. ಒಬ್ಬ ಕಂಡಕ್ಟರು ಮೀಸೆ ಕತ್ತರಿಸಲು ಕತ್ತರಿಯನ್ನೂ ಕೇಳಿದ. ಸ್ವಿಚ್ ಆರಿಸಿದರೆ ಹೋಗುತ್ತಾರೆಂದು ವಿಘ್ನೇಶ್ವರ ಆರಿಸಿದ. ಆರಿಸಿದ ಮೇಲೆ ಅದು ಇನ್ನೂ ಒಳ್ಳೆಯ ಕನ್ನಡಿಯಾಯಿತು.

ಕೊನೆಗೆ ಗ್ಲಾಸಿಯನ್ನು ಕಳಚಿ, ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿ, ಮ್ಯಾಟನ್ನು ಸ್ಟ್ಯಾಂಡಿಗೇರಿಸಿದ. ಅಬ್ಬ! ಮೂಗಿಲ್ಲ, ಬಸ್ಸಿಲ್ಲ. ಅಕ್ಷರಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತವು. ಕುತ್ತಿಗೆ ನೋವೂ ಎಲ್ಲೋ ಇಳಿದು ಹೋಯಿತು. ಎರಡೂವರೆಗೆ ಕಾಗದ ಮುಗಿಯಿತು. 'ನೀನೇ ನನ್ನವಳು' ಎಂದು ಮ್ಯಾಟಿನ ಬೆನ್ನು ತಟ್ಟಿದ.

ಅಷ್ಟು ಹೊತ್ತಿಗೆ ವನಜಮ್ಮ ಸಿಟ್ಟು ಮರೆತು ಮತ್ತೆ ಹಾಜರು. ಪರದೆ ನೋಡಿ ಮುಖ ಸಿಂಡರಿಸಿದರು.

"ಇದೆಂತ, ಮದುವೆ ಕಾಗದವಾ, ವೈಕುಂಠ ಸಮಾರಾಧನೆಯದ್ದಾ? ಈ ಕೆಂಪು ನೆನೆದ ಇಟ್ಟಿಗೆ ಹಾಗೆ ಕಾಣ್ತದೆ. ಗೌಡ್ರು ನೋಡಿದ್ರೆ ಸೀದಾ ಶೃಂಗೇರಿ ಬಸ್ಸು ಹತ್ತೋದೇ. ಆ ಕನ್ನಡೀಲಿ ತೋರ್ಸು ಮಾರಾಯ."

ಮಾತು ನಾಟಿತು. ಕೆಲಸ ಮಾಡಲು ಮ್ಯಾಟು, ತೋರಿಸಲು ಗ್ಲಾಸಿ, ಐದಕ್ಕೆ ಗ್ಲಾಸಿ ವಾಪಸ್ಸು. ತನ್ನ ಬುದ್ಧಿಗೆ ತಾನೇ ತಲೆದೂಗುತ್ತ ಮತ್ತೆ ಗ್ಲಾಸಿಯನ್ನು ಕೂರಿಸಿದ. ಬಾಗಿಲು ಕಾಣದಂತೆ ಸ್ಟ್ಯಾಂಡನ್ನು ತಗ್ಗಿಸಿ ಓರೆಮಾಡಿದ. ಅವಸರದಲ್ಲಿ ಕೇಬಲ್ಲು ಸರಿಯಾಗಿ ಕೂರಲಿಲ್ಲ. ಮೇಜಿನ ಕೆಳಗೆ ಅದನ್ನು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಚಿತ್ರ, ಬಿಟ್ಟರೆ ಕತ್ತಲೆ. ತಿರುಪು ಬಿಗಿಮಾಡೋಣ ಎನ್ನುವಷ್ಟರಲ್ಲಿ ಪುಟ್ಟಪ್ಪಗೌಡರು ಮಗಳೊಂದಿಗೆ ಮೆಟ್ಟಿಲು ಹತ್ತಿದರು.

"ಎಲ್ಲಿ, ತೋರ್ಸು. ಹುಡುಗನೂ ಬರ್ತಾನೆ, ಅವರ ಕಡೆ ಹೆಸರು ನೋಡೋಕೆ. ನಾಕರೊಳಗೆ ಮುಗಿಬೇಕು."

"ಕೂತ್ಕಳಿ ಗೌಡ್ರೆ, ಈಗ ಬಂತು ಚಿತ್ರ," ಎಂದು ವಿಘ್ನೇಶ್ವರ ಮೇಜಿನ ಕೆಳಗೆ ನುಗ್ಗಿ ಕೇಬಲ್ಲು ಒತ್ತಿದ.

ಕಾಗದ ಝಗ್ಗೆಂದಿತು. ವನಜಮ್ಮ "ಆಹಾ" ಎಂದರು. ನಿಶ್ಚಿತಾ ನಕ್ಕಳು. ಆರಡಿ ಎತ್ತರದ ಗೌಡರಿಗೆ ಮಾತ್ರ ಅಷ್ಟು ತಗ್ಗಿ ನೋಡುವುದು ಒಗ್ಗಲಿಲ್ಲ. ಎರಡೂ ಕೈಯಲ್ಲಿ ಮಾನಿಟರು ಹಿಡಿದು ಮೇಲೆತ್ತಿದರು. ಸ್ಟ್ಯಾಂಡು ಸುಯ್ಯೆಂದು ಏರಿ, ಕುತ್ತಿಗೆ ನೆಟ್ಟಗೆ ಮಾಡಿ ನಿಂತಿತು. ಜೊತೆಗೆ ಬಾಗಿಲೂ, ಬಸ್ ಸ್ಟ್ಯಾಂಡೂ ಕಾಗದದೊಳಕ್ಕೆ ಬಂದು ಕೂತವು.

"ಇದೆಂತ ಮಾರಾಯ? ಗಣಪತಿ ಹೊಟ್ಟೆ ಪಕ್ಕ ಯಾರೋ ನಡ್ಕೊಂಡು ಹೋಗ್ತಾ ಇದಾನೆ?"

ಮೇಜಿನ ಕೆಳಗಿನಿಂದ ಉತ್ತರ ಬಂತು: "ಅಂಚಿನ ಡಿಸೈನು ಗೌಡ್ರೆ. ದ್ವಾರಪಾಲಕರು."

"ದ್ವಾರಪಾಲಕ ಪ್ಯಾಂಟ್ ಹಾಕಿದಾನಲ್ಲೋ! ಬ್ಯಾಗ್ ಬೇರೆ ಇದೆ... ಅರೆ, ಇವ ನಮ್ಮ ಪ್ರದೀಪನ ಹಾಗೇ ಇದಾನೆ!"

"ವರನ ಫೋಟೋನಾ? ನಾನು ಹಾಕಿಲ್ಲ. ಬೇಕಾದ್ರೆ ಹಾಕೋಣ."

ಅಷ್ಟರಲ್ಲಿ ಎದುರು ಬಸ್ಸಿನಿಂದಿಳಿದಿದ್ದ ಮದುಮಗ ಪ್ರದೀಪ ಆಚೆ ಈಚೆ ನೋಡಿದ. ಅಂಗಡಿಯೊಳಗಿನವರೆಲ್ಲ ಬೆನ್ನು ತಿರುಗಿಸಿಕೊಂಡಿದ್ದರು. ಏಪ್ರಿಲ್ಲಿನ ಸೆಖೆ. ಇನ್ನೇನು ಭಯ ಎಂದು ತಲೆಯ ಮೇಲಿನ ಕೂದಲನ್ನು ಇಡಿಯಾಗಿ ಎತ್ತಿ ಕಂಕುಳಲ್ಲಿಟ್ಟು, ಕರವಸ್ತ್ರದಿಂದ ಬೋಳುತಲೆಯನ್ನು ತಾಮ್ರದ ಚೊಂಬಿನಂತೆ ಉಜ್ಜತೊಡಗಿದ.

"ಕೂದ್ಲು ತೆಗ್ದ!" ಗೌಡರು ಚೀರಿದರು. "ವಿಘ್ನೇಶಾ, ಇವನಿಗೆ ಕೂದ್ಲೇ ಇಲ್ಲ!"

"ಅದಕ್ಯಾಕೆ ಬೇಜಾರು ಗೌಡ್ರೆ?" ಮೇಜಿನ ಕೆಳಗಿನ ದನಿ ಅಭಯ ನೀಡಿತು. "ಎರಡು ನಿಮಿಷ ಕೊಡಿ, ನಾನು ಕೂದ್ಲು ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ. ಹೋದ ತಿಂಗ್ಳೂ ಒಬ್ರಿಗೆ ಹಾಗೇ ಮಾಡಿ ಕೊಟ್ಟೆ."

ಗೌಡರ ಮುಖ ಕಾಗದಕ್ಕಿಂತ ಕೆಂಪಾಯಿತು. "ಓಹೋ! ಹಾಗಾದ್ರೆ ಹೆಣ್ಣು ಹೆತ್ತವರಿಗೆ ಟೋಪಿ ಹಾಕೋದೇ ನಿನ್ನ ಕಸುಬಾ?"

ವಿಘ್ನೇಶ್ವರ ಗಾಬರಿಯಿಂದ ಎದ್ದ. ತಲೆ ಮೇಜಿಗೆ ಬಡಿಯಿತು, ಕೇಬಲ್ಲು ಬಿಟ್ಟಿತು, ಪರದೆ ಕಪ್ಪಾಯಿತು. ಕಪ್ಪು ಪರದೆಯಲ್ಲಿ ಪ್ರದೀಪ ಇನ್ನೂ ಸ್ಪಷ್ಟವಾಗಿ ತಲೆ ಉಜ್ಜುತ್ತಿದ್ದ.

"ಕರೆಂಟಿಲ್ದೇನೂ ಸತ್ಯ ತೋರಿಸ್ತಾ ಇದೆ!" ವನಜಮ್ಮನಿಗೆ ಮೈ ಜುಮ್ಮೆಂದಿತು. "ಶಾರದೆ ಅಂಗಡಿಗೇ ಬಂದಿದಾಳೆ!" ಹೂವಿನಂಗಡಿಗೆ ಓಡಿದವರು ಕಣ್ಣು ಮುಚ್ಚಿ ಬಿಡುವುದರೊಳಗೆ ಹಿಂದಿರುಗಿದರು. ವಿಘ್ನೇಶ್ವರ ನೆತ್ತಿ ಹಿಡಿದು ನಕ್ಷತ್ರ ಎಣಿಸುತ್ತಿದ್ದಾಗಲೇ ಗ್ಲಾಸಿಯ ಹಣೆಗೆ ಅಂಗೈ ಅಗಲದ ಕುಂಕುಮ, ಎರಡು ಕೆನ್ನೆಗೆ ಅರಿಸಿನ, ಸ್ಟ್ಯಾಂಡಿನ ಕುತ್ತಿಗೆಗೆ ಸೇವಂತಿಗೆ ಮಾಲೆ ಬಿದ್ದಿದ್ದವು. ಕರ್ಪೂರವೂ ಹತ್ತಿತು.

"ಬೊಟ್ಟು!" ಎಂದು ವಿಘ್ನೇಶ್ವರ ಕೂಗಿಕೊಂಡ. ಯಾರಿಗೂ ಅರ್ಥವಾಗಲಿಲ್ಲ.

ಆಗ ಒಳಬಂದ ಪ್ರದೀಪ. ಕೂದಲು ತಲೆಗೆ ಬಂದಿತ್ತು, ಆದರೆ ಬೈತಲೆ ಕಿವಿಯ ಕಡೆಗಿತ್ತು. ಗೌಡರು ಗುಡುಗಿದರು: "ಈ ಮದುವೆ ಇಲ್ಲಿಗೆ ನಿಂತೋಯ್ತು!"

"ಎಂತಕ್ಕೆ ಅಪ್ಪಯ್ಯ?" ನಿಶ್ಚಿತಾ ಎದ್ದಳು. "ನಂಗೆ ಹೆಣ್ಣು ನೋಡೋಕೆ ಬಂದ ದಿನಾನೇ ಗೊತ್ತು. ಉಪ್ಪಿಟ್ಟು ತಿನ್ನುವಾಗ ಫ್ಯಾನಿನ ಗಾಳಿಗೆ ಎದ್ದು ನಿಂತಿತ್ತು. ಪಾಪ ಅಂತ ನಾನೇ ಫ್ಯಾನ್ ಆರಿಸಿದ್ದು. ಕೂದ್ಲಿನ ಜೊತೆ ಸಂಸಾರ ಮಾಡೋಕಾಗ್ತದಾ? ನಂಗೆ ಒಪ್ಪಿಗೆ."

ಪ್ರದೀಪ ಅವಳನ್ನೇ ನೋಡಿದ. ಮೆಲ್ಲಗೆ ಕೂದಲು ತೆಗೆದು ಬ್ಯಾಗಿಗೆ ಹಾಕಿದ. ಗೌಡರು ಮಗಳನ್ನು ನೋಡಿದರು, ಅಳಿಯನ ತಲೆಯನ್ನು ನೋಡಿದರು, ನಿಧಾನಕ್ಕೆ ತಮ್ಮ ಟೊಪ್ಪಿ ತೆಗೆದರು. ಅಲ್ಲೂ ಫಳಫಳ. "ನಮ್ಮನೆಗೆ ಹೊಂದ್ತಾನೆ ಬಿಡು," ಎಂದರು. ಅಂಗಡಿಯೆಲ್ಲ ನಗೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ವಿಘ್ನೇಶ್ವರ. "ಹಾಗಾದ್ರೆ ಗೌಡ್ರೆ, ಸೈ ಹಾಕ್ತೀರಾ?"

"ನಿನ್ನ ಕಾಗದಕ್ಕಾ? ಇಲ್ದಿದ್ದ ಕೂದ್ಲು ಹಾಕ್ತೀನಿ ಅಂದವ ನಾಳೆ ಕಾಗದದಲ್ಲಿ ಇಲ್ದಿದ್ದ ನೆಂಟ್ರನ್ನೂ ಹಾಕೀಯ. ನಮಗೆ ಶೃಂಗೇರಿಯೇ ಸೈ." ಮಾವ, ಅಳಿಯ, ಮಗಳು ಕೈಕೈ ಹಿಡಿದು ನಾಲ್ಕರ ಬಸ್ಸು ಹತ್ತಿದರು. ಹದಿಮೂರು ಮದುವೆಗಳೂ ಕಿಟಕಿ ಸೀಟಿನಲ್ಲಿ ಕೂತು ಹೋದವು.

ಐದಕ್ಕೆ ಸರಿಯಾಗಿ ಬಷೀರ್ ಸಾಹೇಬರು ಬಂದರು. ಗ್ಲಾಸಿಯ ಕುಂಕುಮ ಒರೆಸಿ ಒರೆಸಿ ವಿಘ್ನೇಶ್ವರನ ಪಂಚೆ ಕೆಂಪಾಗಿತ್ತು. ಚೌಕಟ್ಟಿನ ಸಂದಿಯಲ್ಲಿ ಅರಿಸಿನ ಹಾಗೇ ಇತ್ತು. ಹೊರಗೆ ಏಳೆಂಟು ಜನ ತಂತಮ್ಮ ಭಾವೀ ಅಳಿಯಂದಿರ ಫೋಟೋ ಹಿಡಿದು ಕಾಯುತ್ತಿದ್ದರು. ವನಜಮ್ಮ ಅವರಿಗೆ ಹೂವು ಮಾರುತ್ತಿದ್ದರು.

ಸಾಹೇಬರು ಆ ಅರಿಸಿನ ನೋಡಿದವರೇ ಮ್ಯಾಟನ್ನು ಡಬ್ಬಿಗೆ ಹಾಕತೊಡಗಿದರು.

"ಸಾಹೇಬ್ರೆ, ಅದನ್ನ ಬಿಟ್ಟು ಹೋಗಿ. ಬದುಕಿದ್ರೆ ಅದರಲ್ಲೇ ನಾನು ಬದುಕಬೇಕು. ಈ ಕನ್ನಡಿ ಒಯ್ಯಿರಿ, ದಮ್ಮಯ್ಯ."

"ಇದಕ್ಕೆ ಆರ್ಡರ್ ಬಂತಲ್ಲ ಮಾರಾಯ್ರೆ. ಈಗಷ್ಟೇ ಶೃಂಗೇರಿ ಪ್ರೆಸ್ಸಿನವ್ರ ಫೋನು. ಯಾರೋ ಶೆಟ್ಟಿಕೊಪ್ಪದ ದೊಡ್ಡ ಪಾರ್ಟಿಯಂತೆ, ಒಂದಲ್ಲ ಹದಿನಾಲ್ಕು ಮದುವೆ ಕಾಗದ. ಪಾರ್ಟಿ ಬಸ್ಸಿನಿಂದಲೇ ಫೋನ್ ಮಾಡಿ ಒಂದೇ ಕಂಡೀಶನ್ ಹಾಕಿದಾರಂತೆ, ಮುಖ ಕಾಣೋ ಪರದೆ ಬೇಡ ಅಂತ."

ವಿಘ್ನೇಶ್ವರ ಎರಡೂ ಕೈ ಮುಗಿದ. "ಹಾಗಾದ್ರೆ ಸ್ಟ್ಯಾಂಡಾದ್ರೂ ಇಲ್ಲೇ ಇರ್ಲಿ. ಕನ್ನಡಿಯೊಂದನ್ನ ವಾಪಸ್ ತಗೊಳ್ಳಿ."

ಸಾಹೇಬರು ಸ್ಟ್ಯಾಂಡಿನ ಕೊರಳಲ್ಲಿದ್ದ ಸೇವಂತಿಗೆ ಮಾಲೆಯನ್ನು ನೋಡಿದರು, ಡಬ್ಬಿಯನ್ನು ಕಂಕುಳಿಗೇರಿಸಿದರು.

"ಆಗೋದಿಲ್ಲ. ಬೊಟ್ಟು ಬಿದ್ದದ್ದು, ಮಾಲೆ ಬಿದ್ದದ್ದು, ಎರಡೂ ನಿಮ್ಮದು."