ಕಾರಣ ಕಡ್ಡಾಯವಲ್ಲ

ಸುಳ್ಳು ಹೇಳಲು ಬಾರದವನಿಗೆ ಬೇರೆ ಕಂಪನಿಯಿಂದ ಇಂಟರ್‌ವ್ಯೂ ಕರೆ ಬರಲೇಬಾರದು. ಆಫೀಸಿನವರೆಲ್ಲ ಸಾಧು ಎಂದೇ ಕರೆಯುವ ಪ್ರೋಗ್ರಾಮರ್‌ಗೆ ಬಂತು, ಅದೂ ನಾಳೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಹೋಗಬೇಕಾದರೆ ರಜೆ ಬೇಕು. ರಜೆ ಅರ್ಜಿಯಲ್ಲಿ ಕಾರಣ ಬರೆಯಲೇಬೇಕು. ‘ಜ್ವರ’ ಎಂದು ಟೈಪ್ ಮಾಡಿದರೆ ಸಾಕು, ಕಿವಿ ಕೆಂಪಾಗಿ ಹಣೆ ಬೆವರಿ ನಿಜವಾಗಿ ಜ್ವರ ಬಂದವನ ಹಾಗೇ ಆಗುತ್ತಾನೆ. ಆದರೂ ಅದನ್ನು ಕಳಿಸಲು ಕೈ ಬಾರದು.

ಹೆಂಡತಿ ಬೇರೆ ಬೆಳಿಗ್ಗೆಯೇ ಎಚ್ಚರಿಸಿದ್ದಳು. “ಆರು ವರ್ಷದಿಂದ ಅದೇ ಕುರ್ಚಿ ಕಾಯ್ತಿದೀರಾ. ಇದನ್ನೂ ಕೈಬಿಟ್ರೆ ನಾನಂತೂ ನಿಮ್ಮ ಹತ್ರ ಮಾತೇ ಆಡಲ್ಲ ರೀ.”

ಪುಣ್ಯಕ್ಕೆ, ರಜೆ ಅರ್ಜಿಯ ಲೈಬ್ರರಿ, ಅಂದರೆ ಎಲ್ಲರ ಅರ್ಜಿಯೂ ಹಾದುಹೋಗುವ ಕೋಡ್, ಬರೆದವನೂ ಅವನೇ. ಅದರ ಫಂಕ್ಷನ್‌ಗೆ ಮೊದಲು ಹೆಸರು ಕೊಡಬೇಕು, ಆಮೇಲೆ ಕಾರಣ, ಕೊನೆಗೆ ಒಪ್ಪಿಗೆ ಕೊಡುವವರು ಯಾರೆಂದು. ಕಾರಣದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಇಟ್ಟರಾಯಿತು, ಬೇಕಾದವರು ಕೊಡಲಿ, ಬೇಡದವರು ಬಿಡಲಿ. ಇಟ್ಟ. ಕೋಡಿನ ತಪ್ಪು ಹಿಡಿಯುವ ಕಂಪೈಲರ್ ಪರದೆ ತುಂಬ ಕೆಂಪು ಗೆರೆ ಎಳೆಯಿತು.

ಪಕ್ಕದ ಮೇಜಿನ, ಟೆಸ್ಟಿಂಗ್ ವಿಭಾಗದ ಅಕ್ಕ ಕತ್ತು ಚಾಚಿದಳು. “ಏನೋ ಅದು?”

“ಕಾರಣ ಕಡ್ಡಾಯ ಅಲ್ಲ ಅಂತ ಮಾಡ್ತಿದೀನಿ ಅಕ್ಕ.”

“ಯಾಕೆ?”

ಸಾಧು ಪರದೆಗೆ ಇನ್ನಷ್ಟು ಹತ್ತಿರ ಬಾಗಿದ. ಅಷ್ಟರಲ್ಲಿ ತಂಡದ ಸೀನಿಯರ್ ಕಾಫಿ ಹಿಡಿದುಕೊಂಡು ಬಂದ. ಕರೆಯದೆ ಬರುವುದು ಅವನ ಹುಟ್ಟುಗುಣ.

“ಅಯ್ಯೋ, ಕಡ್ಡಾಯ ಅಲ್ಲದ್ದು ಕೊನೇಲಿ ಇರ್ಬೇಕು ಕಣಯ್ಯಾ. ಕಾರಣಾನ ಹಿಂದಕ್ಕೆ ತಳ್ಳು!”

ತಳ್ಳಿದ. ಕೆಂಪು ಮಾಯವಾಯಿತು.

“ಬೇರೆಯವರ ಅರ್ಜಿಗೆ ಏನೂ ಆಗಲ್ವಾ?” ಎಂದಳು ಅಕ್ಕ.

“ಆಗೋ ಹಾಗಿದ್ರೆ ಕಂಪೈಲರ್ ಬಾಯಿ ಬಡ್ಕೊಳ್ತಿರ್ಲಿಲ್ವಾ?” ಎಂದ ಸೀನಿಯರ್, ಕೋಡಿನ ಬದಲಾವಣೆಗೆ ತಾನೇ ಒಪ್ಪಿಗೆಯ ಗುಂಡಿ ಒತ್ತಿಬಿಟ್ಟ. ಸಾಧು ಅರ್ಜಿ ನಮೂನೆ ತೆರೆಯದೆ ನೇರ ಫಂಕ್ಷನ್ನಿಗೇ ತನ್ನ ಹೆಸರು, ಮ್ಯಾನೇಜರ್ ಹೆಸರು ಕೊಟ್ಟು, ಕಾರಣದ ಜಾಗ ಖಾಲಿ ಬಿಟ್ಟು ಅರ್ಜಿ ಕಳಿಸಿ ನಿಟ್ಟುಸಿರು ಬಿಟ್ಟ.

ನಾಲ್ಕಕ್ಕೆ ಮ್ಯಾನೇಜರ್ ಕೋಣೆಗೆ ಕರೆ ಬಂತು. ಶನಿವಾರ, ಭಾನುವಾರಕ್ಕೆ ಶುಕ್ರವಾರವನ್ನೂ ಅಂಟಿಸಿಕೊಳ್ಳುವ ಆಸೆ ಯಾರಿಗಿಲ್ಲ? ಮಧ್ಯಾಹ್ನದಿಂದ ಹದಿಮೂರು ಅರ್ಜಿ ಬಂದಿದ್ದವು. ಮ್ಯಾನೇಜರ್ ಒಂದೊಂದಾಗಿ ಓದಿದರು. “ಒಪ್ಪಿಗೆ ಕೊಡುವವರು, ಹಲ್ಲುನೋವು. ರಜೆಗೆ ಕಾರಣ, ಮ್ಯಾನೇಜರ್. ಒಪ್ಪಿಗೆ ಕೊಡುವವರು, ತಂಗಿ ಮದುವೆ. ಕಾರಣ, ಮ್ಯಾನೇಜರ್!”

ಸಾಧುವಿಗೆ ಆಗ ಹೊಳೆಯಿತು. ಉಳಿದವರ ಅರ್ಜಿ ನಮೂನೆ ಇನ್ನೂ ಹಳೆಯ ಕ್ರಮದಲ್ಲೇ ಕಾರಣವನ್ನು ಮೊದಲು, ಮ್ಯಾನೇಜರ್ ಹೆಸರನ್ನು ಆಮೇಲೆ ಕಳಿಸುತ್ತಿತ್ತು. ಎರಡೂ ಬರೀ ಅಕ್ಷರಗಳು, ಯಾವುದು ಕಾರಣ, ಯಾವುದು ಮನುಷ್ಯ ಎಂದು ಕಂಪೈಲರ್‌ಗೇನು ಗೊತ್ತು?

“ಸರ್, ತಪ್ಪು ನಂದು...”

“ನೀನು ಸುಮ್ನಿರಪ್ಪಾ. ನನಗಿಂತ ಹಲ್ಲುನೋವೇ ವಾಸಿ ಅಂತಲ್ಲಾ ಇವರಿಗೆ!” ಮ್ಯಾನೇಜರ್ ಕಣ್ಣು ಒರೆಸಿಕೊಂಡರು. “ಹದಿಮೂರು ಜನದಲ್ಲಿ ನನ್ನ ಮೇಲೆ ಹೊರಿಸದೆ ಇದ್ದೋನು ನೀನೊಬ್ಬ. ಕಾರಣಾನೇ ಬರೀಲಿಲ್ಲ. ದೊಡ್ಡ ಮನಸ್ಸು ನಿಂದು.”

“ಸರ್, ಹಾಗಲ್ಲ...”

“ನನ್ನ ಮುಖ ನೋಡೋಕಾಗದೇ ಇರೋರು ಮನೇಲೇ ಬಿದ್ದಿರ್ಲಿ, ಅವರದ್ದೆಲ್ಲ ಮಂಜೂರು. ನಿನ್ನ ರಜೆ ಮಾತ್ರ ರದ್ದು ಮಾಡಿದೀನಿ. ನಾಳೆ ಸರಿಯಾಗಿ ಹತ್ತಕ್ಕೆ ಬಂದು ನನ್ನ ಪಕ್ಕದಲ್ಲಿ ಕೂತ್ಕೋ. ನಾವಿಬ್ರೇ ಆಫೀಸು ನಡೆಸೋಣ.”

ಸಾಧು ಹೊರಗೆ ಬಂದಾಗ ಟೆಸ್ಟಿಂಗ್ ಅಕ್ಕ ಬ್ಯಾಗು ಹೆಗಲಿಗೇರಿಸುತ್ತಿದ್ದಳು. “ನನ್ನ ರಜೆ ಇಷ್ಟು ಬೇಗ ಯಾವತ್ತೂ ಸಿಕ್ಕಿರ್ಲಿಲ್ಲ ಕಣೋ. ಒಳ್ಳೇ ಬದಲಾವಣೆ ಮಾಡಿದೆ, ನಿನ್ನ ಹೊಟ್ಟೆ ತಣ್ಣಗಿರ್ಲಿ!”